ಗುಳ್ಳೆ ಒಡೆದು ನೋಡಿ: ಬಣ್ಣ ಎಬ್ಬಿಸಿ ಮತ್ತೆ ಹೊಡೆಸಿದ ಹಳೇ ಗಾಡಿಯ ದೋಷ ಪತ್ತೆ

ಏಪ್ರಿಲ್‌ನಲ್ಲಿ ಹಳೇ ಬಣ್ಣ ಪೂರ್ತಿ ಎಬ್ಬಿಸಿ, ತಗಡು ಕೆಲಸ ಮುಗಿಸಿ, ಹೊಸ ಬಣ್ಣ ಹೊಡೆಸಿದ ಗಾಡಿ ಮೇ ತಿಂಗಳಿಡೀ ಚೆನ್ನಾಗಿಯೇ ಇರುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಸೆಪ್ಟೆಂಬರ್‌ನಲ್ಲಿ ನಮ್ಮ ಕೊಡಗಿನ ಕೈಲ್‌ಮುಹೂರ್ತ ಹಬ್ಬದ ಹೊತ್ತಿಗೆ ಗಾಡಿ ತೊಳೆಯುವಾಗ ಬಾನೆಟ್ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಬೆರಳಿಗೆ ತಾಗುತ್ತವೆ. ಬಾಗಿಲಿನ ಕೆಳ ಅಂಚಿನಲ್ಲಿ ಕಂದು ನೀರು ಜಿನುಗಿದ ಗೆರೆ ಕಾಣುತ್ತದೆ. ಯಜಮಾನರು ಪೇಂಟರನ್ನು ಬೈಯುತ್ತಾರೆ, ಪೇಂಟರ್ ಬಣ್ಣದ ಡಬ್ಬಿ ತೋರಿಸುತ್ತಾನೆ, ಅಂಗಡಿಯವರು ಆಕಾಶ ತೋರಿಸುತ್ತಾರೆ.

ನಾನು ಕಂಡ ಮಟ್ಟಿಗೆ ಈ ಮೂರರಲ್ಲಿ ಯಾವುದೂ ಮೂಲ ಕಾರಣವಾಗಿರುವುದು ಕಡಿಮೆ. ಹಳೇ ಬಣ್ಣ ತೆಗೆಯುವಾಗ ತಗಡಿನ ಮೇಲೆ ಏನೋ ಉಳಿದುಹೋಗಿರುತ್ತದೆ: ಉಪ್ಪು, ಮೇಣ, ಆಸಿಡ್, ಎಣ್ಣೆ ಅಥವಾ ಬರೀ ನೀರು. ಐದಕ್ಕೂ ಬೇರೆ ಬೇರೆ ಗುರುತುಗಳಿವೆ. ಗುರುತು ಹಿಡಿಯದೆ ಗುಳ್ಳೆ ಕೆರೆದು, ಪುಟ್ಟಿ ತುಂಬಿ, ಮೇಲೆ ಇನ್ನೊಂದು ಕೋಟ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಅದೇ ಗುಳ್ಳೆ.

ಇಲ್ಲಿ ಹೇಳುವುದೆಲ್ಲ ಕಬ್ಬಿಣದ ತಗಡಿನ ಗಾಡಿಗಳಿಗೆ, ಅಂದರೆ ನಮ್ಮ ತೋಟಗಳ ಶೆಡ್ಡುಗಳಲ್ಲಿ ಇನ್ನೂ ಉಸಿರಾಡುತ್ತಿರುವ ಮಹೀಂದ್ರ ಜೀಪು, ಅಂಬಾಸಿಡರ್, ಫಿಯೆಟ್‌ಗಳಿಗೆ. ಹಳೇ ಸೀರೀಸ್ ಲ್ಯಾಂಡ್‌ರೋವರ್ ಇದ್ದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅದರ ಹೊರಮೈ ಬಹುಪಾಲು ಅಲ್ಯೂಮಿನಿಯಂ. ಬಣ್ಣ ಎಬ್ಬಿಸಲು ಕಾಸ್ಟಿಕ್ ಸೋಡಾ ತಾಗಿಸಿದರೆ ತಗಡೇ ಕರಗುತ್ತದೆ.

ಜಾಗ, ಕಾಲ, ಸೂಜಿ

ಗುಳ್ಳೆ ಎಲ್ಲಿದೆ ಎಂಬುದು ಮೊದಲ ಪ್ರಶ್ನೆ. ಎರಡು ತಗಡು ಸೇರುವ ಜಾಯಿಂಟ್, ಬಾಗಿಲಿನ ಅಂಚಿನ ಮಡಿಕೆ, ಟಾಪ್ ಸುತ್ತಲಿನ ಗಟರ್ ಪಟ್ಟಿ, ಬೀಡಿಂಗ್ ಕೂರುವ ತೂತುಗಳ ಸುತ್ತ ಮಾತ್ರ ಇದ್ದರೆ ರಿಮೂವರ್ (ಬಣ್ಣ ಎಬ್ಬಿಸುವ ರಾಸಾಯನಿಕ) ಅಥವಾ ಆಸಿಡ್ ಒಳಗೆ ಸಿಕ್ಕಿಕೊಂಡಿದೆ ಎಂದು ಅನುಮಾನಿಸಿ. ಚಪ್ಪಟೆ ಜಾಗದ ನಡುವೆ ಗುಂಪುಗುಂಪಾಗಿ ಇದ್ದರೆ ಉಪ್ಪು, ಇಲ್ಲವೇ ತೇವ ಕುಡಿದ ಪುಟ್ಟಿ. ಗಾಡಿಯ ಮೈಯೆಲ್ಲ ಒಂದೇ ಸಮ ಹರಡಿದ್ದರೆ ಕಂಪ್ರೆಸರ್ ಕಡೆ ನೋಡಿ: ಟ್ಯಾಂಕಿನ ನೀರು ಬಸಿಯದೆ, ನೀರು ಹಿಡಿಯುವ ಫಿಲ್ಟರ್ ಇಲ್ಲದೆ ಹೊಡೆದ ಬಣ್ಣ ಹೀಗೆ ಮಾಡುತ್ತದೆ.

ಯಾವಾಗ ಎದ್ದಿತು ಎಂಬುದು ಎರಡನೆಯದು. ಬಣ್ಣ ಒಣಗುವಾಗಲೇ ಎದ್ದು ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಬಿಟ್ಟಿದ್ದರೆ ಅದು ಒಳಗೆ ಸಿಕ್ಕಿದ ಥಿನ್ನರ್. ತಗಡಿಗೂ ಅದಕ್ಕೂ ಸಂಬಂಧವಿಲ್ಲ. ಬೆಳಿಗ್ಗೆ ಕಾವಳದಲ್ಲಿ ಕಂಡು ಮಧ್ಯಾಹ್ನದ ಬಿಸಿಲಿಗೆ ಮಾಯವಾಗುವ ಸಣ್ಣ ಗುಳ್ಳೆಗಳಿದ್ದರೆ ಪದರದಡಿ ತೇವ ಓಡಾಡುತ್ತಿದೆ, ತುಕ್ಕು ಇನ್ನೂ ಹಿಡಿದಿಲ್ಲ. ಇದು ಬೇಗ ಗೊತ್ತಾದರೆ ಅದೃಷ್ಟ. ಒಂದು ವರ್ಷ ಸುಮ್ಮನಿದ್ದು ಆಮೇಲೆ ಎದ್ದ ಉಬ್ಬು ಹೆಚ್ಚಾಗಿ ತಗಡಿನ ಹಿಂಬದಿಯಿಂದ ಬಂದಿರುತ್ತದೆ. ಬಾಗಿಲಿನ ಒಳಗಡೆ ದೀಪ ಇಳಿಸಿ ನೋಡಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಕೇಳಿ. ಸದ್ದು ಮಂಕಾಗಿದ್ದರೆ ಹೊರಗೆ ಎಷ್ಟು ಚೆನ್ನಾಗಿ ಬಣ್ಣ ಎಬ್ಬಿಸಿದ್ದರೂ ಪ್ರಯೋಜನವಿಲ್ಲ, ಆ ತುಂಡು ಕತ್ತರಿಸಿ ಹೊಸ ತಗಡು ಬೆಸೆಯಬೇಕು.

ಕೊನೆಗೆ ಸೂಜಿ. ಗುಳ್ಳೆ ಒರೆಸಿ ಒಣಗಿಸಿ, ಮೊನಚಾದ ಸೂಜಿಯಿಂದ ಚುಚ್ಚಿ, ಬರುವ ಹನಿಯನ್ನು ಪಿಎಚ್ ಪೇಪರಿಗೆ ಮುಟ್ಟಿಸಿ. ಮಣ್ಣಿನ ಹುಳಿ ನೋಡಿ ಸುಣ್ಣ ಹಾಕುವ ಊರಿನಲ್ಲಿ ಪಿಎಚ್ ಪೇಪರ್ ಹುಡುಕುವುದು ಕಷ್ಟವಲ್ಲ. ಜೋರು ಕೆಂಪು ಬಂದರೆ ತುಕ್ಕು ತೆಗೆಯಲು ಹಾಕಿದ ಆಸಿಡ್ ಉಳಿದಿದೆ. ಕ್ಷಾರ ತೋರಿಸಿದರೆ ಮಾತ್ರ ಆತುರದ ತೀರ್ಮಾನ ಬೇಡ. ಕಾಸ್ಟಿಕ್ ಉಳಿದಿದ್ದರೂ ಕ್ಷಾರವೇ, ಉಪ್ಪಿನಿಂದ ತುಕ್ಕು ಹರಡುವಾಗ ಗುಳ್ಳೆಯ ಒಂದು ಬದಿಯಲ್ಲಿ ತಾನಾಗಿ ಹುಟ್ಟುವುದೂ ಕ್ಷಾರವೇ. ಹಾಗಾಗಿ ಕ್ಷಾರ ಬಂದಾಗ ಜಾಗವನ್ನೂ ಸೇರಿಸಿ ಓದಬೇಕು: ಮಡಿಕೆಯಲ್ಲಾದರೆ ಕಾಸ್ಟಿಕ್, ಬಯಲಲ್ಲಾದರೆ ಉಪ್ಪು. ಹನಿಯೇ ಬರದೆ ಒಳಗೆ ಕಂದು ಪುಡಿ ಇದ್ದರೆ ಹಳೇ ತುಕ್ಕನ್ನು ಬಿಟ್ಟು ಹೊಡೆದಿದ್ದಾರೆ. ಪುಡಿಯೂ ಇಲ್ಲದೆ ಹೊಳೆಯುವ ತಗಡು ಕಂಡರೆ ಪ್ರೈಮರ್ ಕಚ್ಚಿಕೊಂಡೇ ಇಲ್ಲ. ತಗಡನ್ನು ಕನ್ನಡಿ ಮಾಡಿ ಪ್ರೈಮರ್ ಹೊಡೆದಾಗ ಹೀಗಾಗುತ್ತದೆ. ಬರಿಯ ತಗಡಿನ ಮೇಲೆ 80ರಿಂದ 180 ನಂಬರ್ ಎಮರಿಯ ಗೀರು ಇರಲೇಬೇಕು.

ತೋಟದ ಜೀಪಿನ ರೋಗ

ಇದನ್ನು ಬೇರೆಯಾಗಿಯೇ ಬರೆಯಬೇಕು, ಯಾಕೆಂದರೆ ಬೆಂಗಳೂರಿನಿಂದ ಬಂದ ಪೇಂಟರ್‌ಗಳಿಗೆ ಇದು ಅರ್ಥವಾಗುವುದಿಲ್ಲ. ಮಹೀಂದ್ರದವರು ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದ್ದು 1940ರ ದಶಕದ ಕೊನೆಯಲ್ಲಿ. ಅಲ್ಲಿಂದ ಈಚೆಗೆ ಕೊಡಗಿನ ಜೀಪಿನ ಹಿಂಬದಿ ಹೊತ್ತಿರುವುದು ಜನರಿಗಿಂತ ಹೆಚ್ಚಾಗಿ ಗೊಬ್ಬರ, ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ. ಪೊಟ್ಯಾಶ್ ಗೊಬ್ಬರ ಅಂದರೆ ಪೊಟ್ಯಾಶಿಯಂ ಕ್ಲೋರೈಡ್. ಅದರ ಕ್ಲೋರೈಡ್, ಅಡುಗೆ ಉಪ್ಪಿನ ಕ್ಲೋರೈಡ್ ಎರಡೂ ತಗಡಿಗೆ ಒಂದೇ. ಸಮುದ್ರ ನೋಡದ ಗಾಡಿ ಮಂಗಳೂರಿನ ದಕ್ಕೆಯ ಗಾಡಿಯಷ್ಟೇ ತಿಂದು ಹೋಗಿರುವುದಕ್ಕೆ ಕಾರಣ ಇದು.

ಮೈಲುತುತ್ತು ಇನ್ನೂ ಒಂದು ಕೈ ಮೇಲೆ. ಬೆಳೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ, ಅಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸುವಾಗ, ಸುಣ್ಣ ಸಾಲದೇ ಹೋಯಿತೇ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ; ಅಲಗು ಇಟ್ಟಿಗೆ ಕೆಂಪಾದರೆ ಇನ್ನಷ್ಟು ಸುಣ್ಣ. ಆ ಕೆಂಪು ತಾಮ್ರ. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂತಿದೆ. ಚೀಲದಿಂದ ಚೆಲ್ಲಿದ ಮೈಲುತುತ್ತು, ಡ್ರಮ್ಮಿನಿಂದ ತುಳುಕಿದ ದ್ರಾವಣ ಜೀಪಿನ ಫ್ಲೋರ್ ಮೇಲೆ ಬಣ್ಣ ಕಿತ್ತ ಜಾಗಕ್ಕೆ ಬಿದ್ದಾಗಲೂ ನಡೆಯುವುದು ಅದೇ. ಕೂತ ತಾಮ್ರ ಅಲ್ಲೇ ಇದ್ದು, ತೇವ ಸಿಕ್ಕಿದಾಗಲೆಲ್ಲ ಸುತ್ತಲಿನ ಕಬ್ಬಿಣವನ್ನು ತಿನ್ನಿಸುತ್ತಲೇ ಇರುತ್ತದೆ. ತಗಡಿನಲ್ಲಿ ಸಣ್ಣ, ಆಳವಾದ ಹೊಂಡಗಳು ಬೀಳುತ್ತವೆ.

ಪತ್ತೆ ಹೀಗೆ. ಬಣ್ಣ ಎಬ್ಬಿಸಿ ಎಮರಿ ಹೊಡೆದ ಫ್ಲೋರನ್ನು ಒಂದು ರಾತ್ರಿ ಮಾಡಿನಡಿ ಹಾಗೇ ಬಿಡಿ. ಬೆಳಿಗ್ಗೆ ಮೈಯೆಲ್ಲ ತೆಳು ಹಳದಿ ಛಾಯೆ ಬಂದಿದ್ದರೆ ಅದು ಗಾಳಿಯ ತೇವ. ಎಲ್ಲ ಕಡೆ ಒಂದೇ ಸಮ ಇರುತ್ತದೆ, ಕೆಂಪು ಸ್ಕಾಚ್‌ಬ್ರೈಟ್‌ಗೆ ಹೋಗುತ್ತದೆ. ಆದರೆ ಅಲ್ಲಲ್ಲಿ ಕಪ್ಪು ಕಂದು ಚುಕ್ಕೆಗಳು ಬೆವರಿದ ಹಾಗೆ ಒದ್ದೆಯಾಗಿ ಎದ್ದಿದ್ದರೆ ಹೊಂಡಗಳ ತಳದಲ್ಲಿ ಉಪ್ಪಿದೆ. ಅದು ಗಾಳಿಯ ನೀರನ್ನು ಎಳೆದುಕೊಳ್ಳುತ್ತಿದೆ. ಚುಕ್ಕೆಗಳು ಐದು ಬೆರಳಿನ ಆಕಾರದಲ್ಲಿದ್ದರೆ ಯಾರೋ ಬೆವರು ಕೈಯಿಂದ ಮುಟ್ಟಿದ್ದಾರೆ, ಅಷ್ಟೆ. ಎಮರಿ ಹೊಡೆದರೂ ಹೋಗದ ಗುಲಾಬಿ ಮಿಶ್ರಿತ ಕೆಂಪು ಕಲೆ ಉಳಿದಿದ್ದರೆ ತಾಮ್ರ. ತುಕ್ಕಿನ ಪುಡಿ ಬೆರಳಿಗೆ ಹತ್ತುತ್ತದೆ, ತಾಮ್ರ ಹತ್ತುವುದಿಲ್ಲ.

ಖಾತ್ರಿ ಬೇಕೆಂದರೆ ಮನೆಯ ಕುಡಿಯುವ ನೀರಿಗೆ ಬಳಸುವ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸಾಕು. ಎರಡು ಲೋಟದಲ್ಲಿ ಸಮ ಅಳತೆಯ ಬ್ಯಾಟರಿ ವಾಟರ್ (ಬ್ಯಾಟರಿಗೆ ಹಾಕುವ ಲವಣರಹಿತ ನೀರು) ತೆಗೆದುಕೊಳ್ಳಿ. ಒಂದರಲ್ಲಿ ಅದ್ದಿದ ಶುಭ್ರ ಹತ್ತಿಯಿಂದ ಅನುಮಾನದ ಜಾಗದ ಅಂಗೈಯಗಲ ಒರೆಸಿ ಅದೇ ನೀರಿಗೆ ಹಿಂಡಿ; ಇನ್ನೊಂದರಲ್ಲಿ ಟಾಪಿನ ಒಳಮೈಯಂಥ ಗೊಬ್ಬರ ಕಾಣದ ಜಾಗವನ್ನು ಅಷ್ಟೇ ಅಗಲ ಒರೆಸಿ. ಎರಡರ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ನಿಮ್ಮ ಬೆವರನ್ನೇ ಅಳೆಯುತ್ತೀರಿ.

ಪರಿಹಾರದಲ್ಲಿ ಕ್ರಮ ಮುಖ್ಯ. ಉಪ್ಪು ಇರುವ ತಗಡಿಗೆ ಎಮರಿ, ವೈರ್ ಬ್ರಷ್ ಮಾತ್ರ ಹೊಡೆದರೆ ಹೊಂಡದ ಬಾಯಿ ಮುಚ್ಚಿ ಉಪ್ಪು ಒಳಗೇ ಉಳಿಯುತ್ತದೆ, ಮೇಲೆ ಹೊಳಪು ಬರುತ್ತದೆ. ಮೊದಲು ಬಿಸಿನೀರು, ಪ್ರೆಶರ್ ವಾಶ್, ಒಣಗಿಸುವುದು, ಮತ್ತೆ ತೊಳೆಯುವುದು. ಚುಕ್ಕೆ ಏಳುವುದು ನಿಲ್ಲುವ ತನಕ. ತಗಡು ತೊಳೆಯುವುದೆಂದರೆ ಪೇಂಟರ್‌ಗಳಿಗೆ ಮೈ ಜುಮ್ಮೆನ್ನುತ್ತದೆ, ತುಕ್ಕು ಬರುತ್ತದೆ ಅನ್ನುತ್ತಾರೆ. ಬರಲಿ. ತೊಳೆದಾಗ ಬರುವ ಹಳದಿ ತುಕ್ಕು ಹತ್ತು ನಿಮಿಷದ ಕೆಲಸ, ಒಳಗೆ ಉಳಿದ ಉಪ್ಪು ಹತ್ತು ವರ್ಷದ್ದು. ತೊಳೆದ ಮೇಲೆ ಹೊಂಡದ ತಳದ ತನಕ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಸಿಡಿಸುವುದು) ಮಾಡಿಸಿದರೆ ಉತ್ತಮ. ಫ್ಲೋರ್, ಚಾಸಿ ದಪ್ಪವಿರುವುದರಿಂದ ತಡೆದುಕೊಳ್ಳುತ್ತವೆ. ತಾಮ್ರದ ಕಲೆಯನ್ನು ಕೆರೆದೇ ತೆಗೆಯಬೇಕು.

ಟಾಯ್ಲೆಟ್ ಆಸಿಡ್ ಹಾಕಿ ತುಕ್ಕು ತೆಗೆಯುವವರು ಇನ್ನೂ ಇದ್ದಾರೆ. ತುಕ್ಕು ಹೋಗುವುದು ನಿಜ, ಅರ್ಧ ಗಂಟೆಯಲ್ಲಿ ಬೆಳ್ಳಗಾಗುತ್ತದೆ. ಅದು ಹೈಡ್ರೋಕ್ಲೋರಿಕ್ ಆಸಿಡ್, ಅಂದರೆ ಮತ್ತೆ ಕ್ಲೋರೈಡ್. ಪೊಟ್ಯಾಶ್ ಮಾಡದ ಹಾಳನ್ನು ಗಾಡಿಯ ಉಳಿದ ಭಾಗಕ್ಕೆ ನೀವೇ ಮಾಡಿದ ಹಾಗೆ.

ಮಡಿಕೆಯಲ್ಲಿ ಉಳಿದದ್ದು

ಪೇಂಟ್ ರಿಮೂವರ್‌ಗಳಲ್ಲಿ ಹಳೆಯ ಬಗೆಯ ಬಲವಾದವು ಡೈಕ್ಲೋರೋಮೀಥೇನ್ ಇರುವಂಥವು. ಅದು 40 ಡಿಗ್ರಿ ಹತ್ತಿರವೇ ಕುದಿಯುವ ದ್ರವ, ಗಾಳಿಗಿಟ್ಟರೆ ಹಾರಿಹೋಗುತ್ತದೆ. ಹಾರದಿರಲಿ ಎಂದು ಅದರಲ್ಲಿ ಮೇಣ ಬೆರೆಸಿರುತ್ತಾರೆ. ಬಳಿದ ಕೂಡಲೇ ಮೇಣ ಮೇಲೆ ಬಂದು ಕೆನೆ ಕಟ್ಟುತ್ತದೆ. ಒಂದೇ ದಿಕ್ಕಿಗೆ ದಪ್ಪಗೆ ಬಳಿದು ಬ್ರಷ್ ಎತ್ತಿಬಿಡಬೇಕು ಎನ್ನುವುದು ಇದಕ್ಕೇ. ಹಿಂದೆ ಮುಂದೆ ಎಳೆದಾಡಿದರೆ ಕೆನೆ ಒಡೆದು ಔಷಧಿ ಒಣಗುತ್ತದೆ.

ಬಣ್ಣ ಎದ್ದ ಮೇಲೆ ಆ ಮೇಣ ತಗಡಿನ ಮೇಲೆಯೇ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪ್ರೈಮರ್ ಹೊಡೆದಾಗ ಮೀನಿನ ಕಣ್ಣಿನಂಥ ಗುಂಡು ಕುಳಿಗಳು ಬಿದ್ದರೆ ಮೊದಲು ಇದನ್ನು ಅನುಮಾನಿಸಿ. ನೀರು ಸುರಿದು ನೋಡುವುದು ಸುಲಭದ ಪರೀಕ್ಷೆ: ಶುಭ್ರ ತಗಡಿನ ಮೇಲೆ ನೀರು ಒಂದೇ ಹಾಳೆಯಾಗಿ ನಿಲ್ಲುತ್ತದೆ, ಮೇಣವೋ ಎಣ್ಣೆಯೋ ಇದ್ದಲ್ಲಿ ಹರಿದು ಹನಿಹನಿಯಾಗುತ್ತದೆ, ಕೆಸುವಿನೆಲೆಯ ಮೇಲಾದಂತೆ. ಹನಿ ಕಟ್ಟಿದ ಕಡೆ ಡಬ್ಬಿಯ ಮೇಲೆ ಹೇಳಿದಂತೆ ನೀರಿನಿಂದಲೋ ಥಿನ್ನರ್‌ನಿಂದಲೋ ಮತ್ತೆ ತೊಳೆದು, ಆಮೇಲೆ ಮೇಣ ತೆಗೆಯುವ ದ್ರಾವಣವನ್ನು ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಬೇಕು. ಒಂದೇ ಬನಿಯನ್ ವೇಸ್ಟಿನಿಂದ ಇಡೀ ಗಾಡಿ ಒರೆಸಿದರೆ ಮೇಣ ಬಾನೆಟ್ಟಿನಿಂದ ಡಿಕ್ಕಿಗೆ ವರ್ಗವಾಗುತ್ತದೆ.

ಕುಳಿಗಳು ಜಾಯಿಂಟಿನ ಹತ್ತಿರ ಮಾತ್ರ ಬಂದು, ಬಿಸಿಲು ಏರಿದ ಮೇಲೆ ಜಾಸ್ತಿಯಾದರೆ ಅದು ಮೇಣವಲ್ಲ, ಹಳೇ ಎಂಜಿನ್ ಆಯಿಲ್. ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಕರಿ ಆಯಿಲ್, ಡೀಸೆಲ್ ಹೊಡೆಯುವುದು ನಮ್ಮಲ್ಲಿ ಮೊದಲಿನಿಂದ ಇದೆ. ಅದೇ ಆಯಿಲ್ ಎಷ್ಟೋ ಚಾಸಿಗಳನ್ನು ಉಳಿಸಿದೆ ಎನ್ನುವುದೂ ನಿಜ, ಬೈಯಲಾರೆ. ಆದರೆ ಮಡಿಕೆಯೊಳಗೆ ಕೂತ ಆಯಿಲ್ ತಗಡು ಬಿಸಿಯಾದಾಗ ತೆಳ್ಳಗಾಗಿ ಹೊರಬರುತ್ತದೆ. ಪ್ರೈಮರ್‌ಗೆ ಮುಂಚೆ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಜಿನುಗಿದ್ದನ್ನು ಒರೆಸಿ, ಮತ್ತೆ ನಿಲ್ಲಿಸಿ, ಹೀಗೆ ಜಿನುಗುವುದು ನಿಂತ ಮೇಲೆ ಮುಂದಿನ ಕೆಲಸ.

ಕಾಸ್ಟಿಕ್ ಹಾಕಿ ಬಣ್ಣ ಎಬ್ಬಿಸಿದ ಗಾಡಿಗಳಲ್ಲಿ ಮಡಿಕೆಯ ಸಮಸ್ಯೆ ಅತ್ಯಂತ ಹಟಮಾರಿ. ಕ್ಷಾರ ಮಡಿಕೆಯೊಳಗೆ ಹರಳುಗಟ್ಟಿ ಕೂತು, ತಿಂಗಳುಗಳ ಬಳಿಕ ತೇವ ತಗುಲಿದಾಗ ಬಿಳಿ ಉಪ್ಪಿನ ಹಾಗೆ ಹೊರಬಂದು ಬಣ್ಣವನ್ನು ಒಳಗಿನಿಂದ ಸುಲಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮಡಿಕೆಗಳೇ ತುಂಬಿದ ಅಂಬಾಸಿಡರ್ ಬಾಗಿಲು, ಬಾನೆಟ್ಟಿಗೆ ಕಾಸ್ಟಿಕ್ ಬೇಡವೇ ಬೇಡ. ರಿಮೂವರ್ ಆದರೂ ಅಂಚಿನಿಂದ ಎರಡು ಬೆರಳು ಜಾಗ ಟೇಪ್ ಹಾಕಿ ಮುಚ್ಚಿ, ಆ ಪಟ್ಟಿಯನ್ನು ಎಮರಿಯಿಂದ ಕೈಯಲ್ಲೇ ತೆಗೆಯಿರಿ. ನಿಧಾನ ಕೆಲಸ, ಕೂಲಿ ಜಾಸ್ತಿ.

ರಿಮೂವರ್ ಹಾಕಿದರೂ ಬಣ್ಣ ಏಳದಿದ್ದರೆ

ಜನವರಿ ಬೆಳಿಗ್ಗೆ ಮಡಿಕೇರಿಯ ಚಳಿಗೆ ರಿಮೂವರ್ ಮಂಕಾಗುತ್ತದೆ. ಹತ್ತು ಗಂಟೆ ಬಿಸಿಲು ಬಿದ್ದ ಮೇಲೆ ನೆರಳಲ್ಲಿ ಹಚ್ಚಿ. ಗಾಳಿ ಇದ್ದರೆ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ. ಹಚ್ಚುವ ಮುಂಚೆ ದೊರಗು ಎಮರಿಯಿಂದ ಅಡ್ಡಡ್ಡ ಗೀರಿದರೆ ಒಳಗಿಳಿಯುತ್ತದೆ.

ಕೆಳಗಿರುವುದು ಯಾವ ಬಣ್ಣ ಎಂದು ತಿಳಿಯಲು ಬಿಳಿ ಬಟ್ಟೆಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ಉಜ್ಜಿ. ಬಟ್ಟೆಗೆ ಬಣ್ಣ ಇಳಿದರೆ ಎನ್‌ಸಿ, ಮೇಲ್ಮೈ ಮೆತ್ತಗಾಗಿ ಸುಕ್ಕುಗಟ್ಟಿದರೆ ಸಿಂಥೆಟಿಕ್ ಎನಾಮಲ್, ಏನೂ ಆಗದಿದ್ದರೆ ಹಾರ್ಡನರ್ ಬೆರೆಸಿ ಹೊಡೆದ ಪಿಯು (ಪಾಲಿಯುರೆಥೇನ್). ಐವತ್ತು ವರ್ಷದ ಗಾಡಿಯಲ್ಲಿ ಮೂರೂ ಒಂದರ ಮೇಲೊಂದು ಇರಬಹುದು. ಈ ಪರೀಕ್ಷೆ ಇನ್ನೊಂದು ದೋಷವನ್ನೂ ಬಿಡಿಸುತ್ತದೆ: ಹೊಸ ಬಣ್ಣ ಹೊಡೆದ ಕೂಡಲೇ ಕೆಲವೆಡೆ ಚರ್ಮ ಮುದುರಿದ ಹಾಗೆ ಎದ್ದರೆ, ಅಲ್ಲಿ ಸಿಂಥೆಟಿಕ್ ಪೂರ್ತಿ ತೆಗೆದಿಲ್ಲ, ಮೇಲಿನ ಥಿನ್ನರ್ ಅದನ್ನು ಎಬ್ಬಿಸಿದೆ. ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಪಿಯು ಹೊಡೆದಾಗಲೂ ಇದೇ ಗತಿ.

ಆ ರಿಮೂವರ್ ಬಗ್ಗೆ ಒಂದು ಮಾತು. ಡೈಕ್ಲೋರೋಮೀಥೇನ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಶೆಡ್ಡಿನಲ್ಲಿ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಮೈಯೊಳಗೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಹೃದಯದ ತೊಂದರೆ ಇರುವವರು ಹತ್ತಿರ ಸುಳಿಯಬಾರದು. ಅಮೆರಿಕದಲ್ಲಿ 2019ರಿಂದ ಇಂಥ ರಿಮೂವರನ್ನು ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ. ಬಟ್ಟೆ ಮಾಸ್ಕ್ ಇದಕ್ಕೆ ಲೆಕ್ಕವೇ ಅಲ್ಲ, ಸಾಮಾನ್ಯ ರಬ್ಬರ್ ಗ್ಲೌಸ್ ದಾಟಿ ಬೇಗ ಒಳಬರುತ್ತದೆ. ಬಯಲಲ್ಲೇ ಮಾಡಿ. ಕಾಫಿ ಒಣಗಿಸುವ ಕಣದಲ್ಲಿ ಮಾತ್ರ ಬೇಡ. ಹಳೇ ಬಣ್ಣದಲ್ಲಿ, ಅದರಲ್ಲೂ ಕೆಂಪು ಪ್ರೈಮರ್, ಹಳದಿ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣ ಎಮರಿಯ ಧೂಳು ಎಬ್ಬಿಸಬೇಡಿ, ಕೆರೆದದ್ದನ್ನು ಹಾಳೆಯ ಮೇಲೆ ಹಿಡಿದು ಡಬ್ಬಿಯಲ್ಲಿ ಮುಚ್ಚಿಡಿ. ನಮ್ಮ ತೋಡುಗಳ ನೀರು ಬಹುಪಾಲು ಕೊನೆಗೆ ಸೇರುವುದು ಕಾವೇರಿಗೆ.

ತಗಡು ಅಲೆ ಬಂದಿದ್ದರೆ

ಬಾನೆಟ್ ಮೇಲೆ ಕೈಯಿಟ್ಟು ಒತ್ತಿದಾಗ ಡಬ್ಬಿ ಮುಚ್ಚಳದಂತೆ ಟಕ್ಕೆಂದು ಒಳಹೋಗಿ ಹೊರಬಂದರೆ ತಗಡು ಹಿಗ್ಗಿದೆ. ಬ್ಲಾಸ್ಟಿಂಗ್ ಮಾಡಿಸಿದ ಗಾಡಿಯಾದರೆ ಕಾರಣ ಅಲ್ಲೇ ಇದೆ. ಬಿಸಿಯಿಂದ ಆಗುತ್ತದೆ ಎನ್ನುತ್ತಾರೆ, ಹೆಚ್ಚಾಗಿ ಆಗುವುದು ಹೊಡೆತದಿಂದ: ಮರಳಿನ ಒಂದೊಂದು ಕಾಳೂ ಸಣ್ಣ ಸುತ್ತಿಗೆ ಏಟು, ಒಂದು ಮುಖ ಮಾತ್ರ ಹಿಗ್ಗಿ ತಗಡು ಬಾಗುತ್ತದೆ. ಚಪ್ಪಟೆ ಬಾನೆಟ್, ಬಾಗಿಲು, ಟಾಪ್‌ಗೆ ಬ್ಲಾಸ್ಟಿಂಗ್ ಮಾಡಿಸಬಾರದು. ಹೊಳೆ ಮರಳಂತೂ ಯಾವುದಕ್ಕೂ ಬೇಡ, ಅದರ ಧೂಳು ಶ್ವಾಸಕೋಶದಲ್ಲಿ ಸಿಲಿಕೋಸಿಸ್ ತರುತ್ತದೆ. ಬ್ಲಾಸ್ಟಿಂಗ್ ಆಗದ ಗಾಡಿಯಲ್ಲಿ ಅಲೆ ಇದ್ದರೆ ಗ್ರೈಂಡರ್ ಒಂದೇ ಕಡೆ ನಿಲ್ಲಿಸಿ ತಗಡು ನೀಲಿಯಾಗಿಸಿದ್ದಾರೆ.

ಗ್ರೈಂಡರ್ ಹಿಡಿದವರಿಗೆ ಇನ್ನೆರಡು ಎಚ್ಚರಿಕೆ. ಹಳೇ ವಿನ್ಯಾಸದ ಬಾಡಿಗಳಲ್ಲಿ ಜಾಯಿಂಟ್ ಮೇಲೆ ಬೂದು ಬಣ್ಣದ ಮೆತ್ತನೆ ಲೋಹ ಕಂಡರೆ ಅದು ಸೀಸ, ತವರದ ಬೆಸುಗೆ. 183 ಡಿಗ್ರಿಗೇ ಮೆತ್ತಗಾಗುತ್ತದೆ; ಹೀಟ್ ಗನ್, ಗ್ಯಾಸ್ ತೋರಿಸಿದರೆ ಇಳಿದುಹೋಗುತ್ತದೆ, ಗ್ರೈಂಡರ್ ಹಿಡಿದರೆ ಸೀಸದ ಧೂಳು. ಉಬ್ಬಿದ್ದರೆ ಅರದಿಂದ ನಯ ಮಾಡಿ, ಗಟ್ಟಿಯಾಗಿದ್ದರೆ ಹಾಗೇ ಬಿಡಿ. ಎರಡನೆಯದು ಚಾಸಿ ನಂಬರ್. ತುಕ್ಕಿನ ಜೊತೆ ಅದನ್ನೂ ಉಜ್ಜಿ ಹಾಕಿದ ಕೆಎ-12 (ಕೊಡಗಿನ ನೋಂದಣಿಯ) ಗಾಡಿಗಳ ಯಜಮಾನರು ಎಫ್‌ಸಿಗೆ (ಫಿಟ್‌ನೆಸ್ ಪ್ರಮಾಣಪತ್ರಕ್ಕೆ) ಹೋದಾಗ ಪಡುವ ಪಾಡು ಬೇಡ. ನಂಬರಿನ ಮೇಲೆ ರಿಮೂವರ್ ಹಚ್ಚಿ ಹಿತ್ತಾಳೆ ಬ್ರಷ್ ಮಾತ್ರ ಬಳಸಿ, ಮೊದಲೂ ಆಮೇಲೂ ಫೋಟೊ ತೆಗೆದಿಡಿ. ಐವತ್ತು ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಆಸೆ ಇದ್ದರೆ ಚಾಸಿ, ಬಾಡಿ ಮೂಲ ರೂಪದಲ್ಲಿ ಇರಬೇಕಾದ್ದರಿಂದ ಆ ಫೋಟೊಗಳಿಗೆ ಇನ್ನೂ ಬೆಲೆ.

ಬರಿಯ ತಗಡು ಮತ್ತು ನಮ್ಮ ಹವೆ

ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದರೆ ಬರಿಯ ಕಬ್ಬಿಣ ತುಕ್ಕು ಹಿಡಿಯಲು ಶುರು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಮಡಿಕೇರಿಯಲ್ಲಿ ಮಳೆಗಾಲವಿಡೀ ಆ ಮಿತಿಗಿಂತ ಕೆಳಗಿಳಿಯುವುದು ಅಪರೂಪ. ಬಣ್ಣ ಹೊಡೆಯುವಾಗ ತಗಡು ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು ಎನ್ನುವುದು ನಿಯಮ. ಜುಲೈಯ ಒಂದು ದಿನ ಗಾಳಿ 22 ಡಿಗ್ರಿ, ತೇವಾಂಶ ಶೇ. 90 ಎಂದುಕೊಳ್ಳಿ, ಇಬ್ಬನಿ ಕಟ್ಟುವುದು 20 ಡಿಗ್ರಿ ಆಸುಪಾಸು. ತಗಡು 23 ಡಿಗ್ರಿ ದಾಟಬೇಕು, ಗಾಳಿಯೇ 22ರಲ್ಲಿದೆ. ಅಂದರೆ ತಗಡು ಬಿಸಿ ಮಾಡದೆ ಹೊಡೆದ ಪ್ರೈಮರ್ ಕಣ್ಣಿಗೆ ಕಾಣದ ನೀರಿನ ಮೇಲೆ ಕೂತಿದೆ. ಗೊತ್ತಿದ್ದೂ ‘ಒಳಗೇ ಹೊಡೀತೀವಲ್ಲ, ಮಳೆ ಬೀಳಲ್ಲ’ ಎನ್ನುವ ಪೇಂಟರ್‌ಗಳಿದ್ದಾರೆ. ಅದೇ ಕೆಲಸಕ್ಕೆ ಗಾಡಿಯನ್ನು ಕುಶಾಲನಗರದ ಕಡೆ ಒಯ್ದರೆ ಹವೆ ಎಷ್ಟೋ ಒಣ, ಆದರೂ ಜೂನ್‌ನಿಂದ ಸೆಪ್ಟೆಂಬರ್ ನಾನಂತೂ ಮಾಡಿಸುವುದಿಲ್ಲ.

ಇಡೀ ಗಾಡಿಯ ಬಣ್ಣ ಒಟ್ಟಿಗೆ ಎಬ್ಬಿಸುವ ಚಟವೂ ಇದಕ್ಕೆ ಗೊಬ್ಬರ. ಟಿಂಕರಿಂಗ್ ಮಾಡುವವರು ಸಿಗಲಿಲ್ಲ, ವೆಲ್ಡರ್ ಪುತ್ತರಿ ಸುಗ್ಗಿ ಹಬ್ಬಕ್ಕೆ ಊರಿಗೆ ಹೋದ, ಗಾಡಿ ಬೆತ್ತಲೆ ನಿಂತಿತು. ಒಂದು ದಿನದಲ್ಲಿ ಎಷ್ಟು ಭಾಗ ಎಬ್ಬಿಸಿ, ತೊಳೆದು, ಒಣಗಿಸಿ, ಎಪಾಕ್ಸಿ ಪ್ರೈಮರ್ ಹೊಡೆದು ಮುಗಿಸಬಲ್ಲಿರೋ ಅಷ್ಟನ್ನೇ ಬಿಚ್ಚಿ. ಡೆಂಟಿಂಗ್, ವೆಲ್ಡಿಂಗ್ ಬಾಕಿ ಇದ್ದರೂ ಎಪಾಕ್ಸಿ ಮೊದಲು ಕೂರಲಿ. ಬೆಸೆಯುವ ಕಡೆ ಮಾತ್ರ ಆಮೇಲೆ ಕೆರೆಯಬಹುದು. ಪುಟ್ಟಿಯನ್ನು ಎಪಾಕ್ಸಿಯ ಮೇಲೆ ಹಾಕಿ. ಫಾಸ್ಫರಿಕ್ ಬಗೆಯ ತುಕ್ಕು ದ್ರಾವಣ ಬಳಸಿದ್ದರೆ ಎಪಾಕ್ಸಿಗೆ ಮುಂಚೆ ನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಅದು ಹಾಳೆಯಾಗಿ ಕಿತ್ತು ಬರುತ್ತದೆ. ಹಾರ್ಡನರ್ ಬೆರೆಸಿದ ಬಣ್ಣ, ಪ್ರೈಮರ್ ಹೊಡೆಯುವವರಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು, ಕರವಸ್ತ್ರವಲ್ಲ.

ಬೂದು ಬಣ್ಣದ ಸರ್ಫೇಸರ್ (ಕೊನೆಯ ಬಣ್ಣಕ್ಕೆ ಮುಂಚಿನ ಪದರ) ಹೊಡೆದು ‘ಈ ಮಳೆಗಾಲ ಹೀಗೇ ಓಡಿಸ್ತೀನಿ, ಪುತ್ತರಿ ಕಳೆದು ಬಣ್ಣ’ ಎಂದವರ ಗಾಡಿ ಹಾಳಾಗುವುದು ಖಚಿತ. ಸರ್ಫೇಸರ್‌ನಲ್ಲೂ ಪುಟ್ಟಿಯಲ್ಲೂ ಟಾಲ್ಕ್ ಪುಡಿ ತುಂಬಿದೆ, ಎರಡೂ ನೀರು ಕುಡಿಯುತ್ತವೆ. ಪುಟ್ಟಿಯನ್ನು ವಾಟರ್ ಪೇಪರ್ ಹಾಕಿ ನೀರಿನಲ್ಲಿ ಉಜ್ಜಿದ್ದರೂ ಅಷ್ಟೇ: ಬಯಲಿನ ನಡುವೆ, ಪುಟ್ಟಿಯ ಆಕಾರದಲ್ಲೇ ಗುಳ್ಳೆಗಳ ಗುಂಪು ಏಳುತ್ತದೆ. ಅನುಮಾನವಿದ್ದರೆ ತೆಳು ಬಟ್ಟೆ ಸುತ್ತಿದ ಅಯಸ್ಕಾಂತ ಎಳೆದು ನೋಡಿ. ಹಿಡಿತ ಸಡಿಲವಾದ ಗಡಿಯೂ ಗುಳ್ಳೆಗಳ ಗಡಿಯೂ ಒಂದೇ ಆಗಿದ್ದರೆ ಕಾರಣ ಸಿಕ್ಕಿತು.

ಈಗಾಗಲೇ ಗುಳ್ಳೆ ಎದ್ದಿದ್ದರೆ

ಗುಳ್ಳೆಯ ಅಂಚಿಗೆ ನಿಲ್ಲಿಸದೆ ಸುತ್ತ ಒಂದು ಗೇಣು ಹೆಚ್ಚಾಗಿ ಬಿಚ್ಚಿ. ಪದರದಡಿಯ ತುಕ್ಕು ಮೇಲೆ ಕಾಣುವುದಕ್ಕಿಂತ ಮುಂದೆ ಹೋಗಿರುತ್ತದೆ. ಸೂಜಿ ತೋರಿಸಿದ ಕಾರಣಕ್ಕೆ ತಕ್ಕ ಚಿಕಿತ್ಸೆ ಮಾಡಿ ಎಪಾಕ್ಸಿಯಿಂದ ಮೇಲೆ ಬನ್ನಿ. ಕಾರಣ ಉಪ್ಪೋ ಕಾಸ್ಟಿಕ್ಕೋ ಆಗಿದ್ದು ಒಂದು ಬಾಗಿಲಿನಲ್ಲಿ ಮೂರು ಕಡೆ ಗುಳ್ಳೆ ಇದ್ದರೆ ತೇಪೆ ಹಾಕಬೇಡಿ, ಆ ಬಾಗಿಲನ್ನು ಪೂರ್ತಿ ಬಿಚ್ಚುವುದೇ ಕಡಿಮೆ ಖರ್ಚು.

ಇದಕ್ಕೆ ಕಾಲ ಜನವರಿಯಿಂದ ಮಾರ್ಚ್, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮುಂಚೆ. ಮಳೆಗಾಲದ ನಡುವೆ ಗುಳ್ಳೆ ಕಂಡರೆ ಅಲ್ಲಿಯವರೆಗೆ ಒಡೆಯದೆ ಬಿಟ್ಟಿರಿ, ಪರೀಕ್ಷೆಗೆ ಒಂದನ್ನು ಚುಚ್ಚಿದರೆ ಸಾಕು, ಅದರ ಬಾಯಿಗೆ ಒಣಗಿಸಿ ಒಂದು ಹನಿ ಎಪಾಕ್ಸಿ. ಟಾರ್ಪಾಲ್ ಬಿಗಿದು ಮುಚ್ಚಬೇಡಿ, ಒಳಗೆ ಬೆವರುತ್ತದೆ. ಮೂರು ಕಡೆ ಗಾಳಿ ಆಡುವ ಮಾಡಿನಡಿ, ಮಣ್ಣು ನೆಲದ ಬದಲು ಸಿಮೆಂಟ್ ನೆಲದ ಮೇಲೆ, ಗೊಬ್ಬರದ ಮೂಟೆಗಳಿಂದ ದೂರ ನಿಲ್ಲಿಸಿ.